ಎರಡು ‘ಎಲ್’ಗಳ ಮಾರ್ವೆಲ್

ಮೊದಲೇ ಹೇಳಿಬಿಡ್ತೀನಿ, ಇದು ಸ್ಪೈಡರ್‌ಮ್ಯಾನ್ ಮಾರ್ವೆಲ್ ಅಲ್ಲ. ಕೊನೆಯಲ್ಲಿ ಒಂದು ‘ಎಲ್’ ಜಾಸ್ತಿ ಇರುವ ಮಾರ್ವೆಲ್. ಚಿಪ್ ಡಿಸೈನ್ ಮಾಡುವ ಕಂಪನಿ. ನೀವು ಕಾಲೇಜಿನಲ್ಲಿದ್ದಾಗ ಬಳಸಿದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ ನೋಡಿದ್ದರೆ ಅದರ ಹಸಿರು ಬೋರ್ಡಿನ ಮೇಲೆ ಇವರ ಹೆಸರು ಕಂಡಿರುವ ಸಾಧ್ಯತೆ ಚೆನ್ನಾಗಿಯೇ ಇದೆ. 2007ರ ಮೊದಲ ಐಫೋನಿನಲ್ಲಿ ವೈಫೈ ಚಿಪ್ ಇವರದ್ದೇ. ಬೆಂಗಳೂರಿನಲ್ಲೂ ಇವರ ಡಿಸೈನ್ ಸೆಂಟರ್ ಇದೆ, ನಿಮ್ಮ ಸೀನಿಯರ್ ಯಾರಾದರೂ ಅಲ್ಲಿರಬಹುದು. ಆದರೂ ಈ ಹೆಸರು ಹೇಳಿದರೆ ಹತ್ತರಲ್ಲಿ ಎಂಟು ಜನ ಸಿನಿಮಾ ಮಾತಾಡ್ತಾರೆ. ಪಾಪ, ಚಿಪ್ ಕಂಪನಿಗಳ ಹಣೆಬರಹವೇ ಅಷ್ಟು. ಪೆಟ್ಟಿಗೆಯೊಳಗಿದ್ದವರನ್ನು ಯಾರೂ ಕೇಳಲ್ಲ.

ಈ ಕಂಪನಿಯನ್ನು ಕಟ್ಟಿದ್ದು ಒಂದು ಕುಟುಂಬ. ಗಂಡ ಸೆಹತ್ ಸುತರ್ಜಾ, ಹೆಂಡತಿ ವೇಲಿ ಡಾಯ್, ಗಂಡನ ಸಹೋದರ ಪಾಂತಾಸ್ ಸುತರ್ಜಾ. 1995ರಲ್ಲಿ ಶುರು ಮಾಡಿದರು, 2016ರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಅವರ ಕುರ್ಚಿಗಳಿಂದ ಇಳಿಸಲಾಯಿತು. 2024ರ ಸೆಪ್ಟೆಂಬರಿನಲ್ಲಿ ಸೆಹತ್ 63ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವರ ಕಥೆಯನ್ನು ಜನ ಎರಡು ರೀತಿ ಹೇಳ್ತಾರೆ. ಒಂದು ಶ್ರದ್ಧಾಂಜಲಿ ಶೈಲಿ: ವಲಸೆ ಬಂದ ದಂಪತಿ, ಅಡುಗೆಮನೆಯ ಮೇಜು, ಹಗಲು ರಾತ್ರಿ ದುಡಿಮೆ, ಕಂಪನಿಯೇ ಮನೆ, ಎಂಜಿನಿಯರುಗಳೇ ಮಕ್ಕಳು. ಇನ್ನೊಂದು ಷೇರುಪೇಟೆಯ ಶೈಲಿ: ಕುಟುಂಬ ಕೂತು ಹಾಳು ಮಾಡ್ತಿತ್ತು, ಹೂಡಿಕೆದಾರರು ಬಂದು ಓಡಿಸಿದರು, ‘ಪ್ರೊಫೆಷನಲ್’ ಸಿಇಒ ಬಂದ, ಷೇರು ಹತ್ತು ಪಟ್ಟಾಯಿತು, ಶುಭಂ. ಎರಡನ್ನೂ ಸಾಕಷ್ಟು ಓದಿದ ಮೇಲೆ ನನಗೆ ಅನ್ನಿಸೋದು ಇಷ್ಟು. ಮೊದಲನೆಯದು ಲೆಕ್ಕದ ಪುಸ್ತಕ ಮುಚ್ಚಿಟ್ಟು ಹೇಳುವ ಕಥೆ. ಎರಡನೆಯದು ಲೆಕ್ಕದ ಪುಸ್ತಕ ಬಿಟ್ಟು ಬೇರೇನೂ ತೆರೆಯದ ಕಥೆ. ಕುಟುಂಬ ಒಳ್ಳೆಯದೋ ಕೆಟ್ಟದ್ದೋ ಅನ್ನೋದೇ ತಪ್ಪು ಪ್ರಶ್ನೆ. ಆ ಮನೆಯಲ್ಲಿ ‘ಬೇಡ’ ಅಂದರೆ ಕೇಳಿಸಿಕೊಳ್ಳುವಂಥ ಮೂರನೆಯವರು ಯಾರಾದರೂ ಇದ್ದರಾ, ಅದು ಪ್ರಶ್ನೆ.

ಸೆಹತ್ ಹುಟ್ಟಿದ್ದು ಇಂಡೋನೇಷ್ಯಾದ ಜಕಾರ್ತಾದಲ್ಲಿ. (ಹೆಸರಿನ ಅರ್ಥ ನಮ್ಮ ಹಿಂದಿ ಟೀಚರು ಹೇಳಿಕೊಟ್ಟ ‘ಸೆಹತ್’ದೇ, ಆರೋಗ್ಯ. ಅರಬ್ಬಿ ಪದ ಎಲ್ಲೆಲ್ಲಿಗೆ ಹಡಗು ಹತ್ತಿ ಹೋಗಿದೆ ನೋಡಿ.) ಚಿಕ್ಕಂದಿನಲ್ಲೇ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು, 13ನೇ ವಯಸ್ಸಿಗೆ ರೇಡಿಯೋ ರಿಪೇರಿಯ ಲೈಸೆನ್ಸೇ ಪಡೆದ ಹುಡುಗ. ನಮ್ಮೂರ ಕಡೆ ಇಂಥ ಹುಡುಗರು ಬಸ್ ಸ್ಟ್ಯಾಂಡಿನ ಪಕ್ಕ ಮೊಬೈಲ್ ಅಂಗಡಿ ಇಟ್ಟು ಅಲ್ಲಿಗೇ ನಿಲ್ತಾರೆ. ಈತ ಅಮೆರಿಕಕ್ಕೆ ಹೋಗಿ ಅಯೋವಾ ಸ್ಟೇಟ್‌ನಲ್ಲಿ ಡಿಗ್ರಿ, ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡಿದ. ಅಲ್ಲೇ ಪರಿಚಯವಾದದ್ದು ವೇಲಿ. ಶಾಂಘೈಯಲ್ಲಿ ಬಾಸ್ಕೆಟ್‌ಬಾಲ್ ಆಡಿಕೊಂಡಿದ್ದು, 17ರ ಹೊತ್ತಿಗೆ ಅಮೆರಿಕಕ್ಕೆ ಬಂದು, ಬರ್ಕ್ಲಿಯಲ್ಲೇ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗಿ. ಪಾಂತಾಸ್ ಕೂಡ ಬರ್ಕ್ಲಿಯವನೇ, ಐಬಿಎಂನ ರಿಸರ್ಚ್ ಲ್ಯಾಬಿನಲ್ಲಿ ಕೆಲಸ. ಕೆಲಸದ ಹಂಚಿಕೆ ಸಲೀಸಾಗಿತ್ತು. ಅಣ್ಣತಮ್ಮ ಸರ್ಕ್ಯೂಟ್ ನೋಡ್ಕೋತಾರೆ, ವೇಲಿ ಜನ, ಗಿರಾಕಿ, ಮಾರಾಟ ನೋಡ್ಕೋತಾರೆ. ಫಿಲಿಪೀನ್ಸ್ ಮೂಲದ ಎಂಜಿನಿಯರ್ ಡಿಯೋಸ್ಡಾಡೋ ಬನಟಾವೋ ಆರಂಭದಲ್ಲೇ ಹಣ ಹಾಕಿ ಛೇರ್ಮನ್ ಆದರು.

ಅವರು ಹಿಡಿದ ಕೆಲಸ ಯಾವುದು ಅಂತ ಸ್ವಲ್ಪ ಹೇಳಬೇಕು, ಯಾಕಂದರೆ ಮುಂದಿನ ದೊಡ್ಡ ಜಗಳ ಇದರ ಮೇಲೇ ನಿಂತಿದೆ. ಹಾರ್ಡ್ ಡಿಸ್ಕಿನಲ್ಲಿ ಒಂದು-ಸೊನ್ನೆಗಳು ನೆಟ್ಟಗೆ ಬರೆದಿಟ್ಟ ಹಾಗೆ ಇರಲ್ಲ. ಕಾಂತೀಯ ಮೇಲ್ಮೈ ಮೇಲೆ ಸಣ್ಣ ಸಣ್ಣ ಗುರುತುಗಳು. ಅದರ ಮೇಲೆ ಓದುವ ಹೆಡ್ಡು ಹಾರಿಕೊಂಡು ಹೋಗುವಾಗ ಸಿಗೋದು ಏರಿಳಿಯುವ ಒಂದು ಬಡಕಲು ಅಲೆ. ಪಕ್ಕದ ಗುರುತುಗಳ ಅಲೆಗಳೂ ಅದರಲ್ಲಿ ಕಲಸಿಹೋಗಿರ್ತವೆ. ಆ ಕಲಸುಮೇಲೋಗರದಿಂದ ‘ಇಲ್ಲಿ ಬರೆದದ್ದು ಬಹುಶಃ ಇದು’ ಅಂತ ಲೆಕ್ಕ ಹಾಕಿ ಹೇಳುವ ಚಿಪ್ಪಿಗೆ ರೀಡ್ ಚಾನೆಲ್ ಅಂತಾರೆ. ಇಸಿ ಓದಿದವರಿಗೆ ವಿಟರ್ಬಿ ಅಂದರೆ ನೆನಪಾಗುತ್ತೆ, ಏಳನೇ ಸೆಮಿಸ್ಟರಿನ ಆ ಜಾಲರಿ ಚಿತ್ರ. ಆ ಕಾಲಕ್ಕೆ ರೀಡ್ ಚಾನೆಲ್‌ಗಳನ್ನು ಹೆಚ್ಚಾಗಿ ಬೈಸಿಮಾಸ್ ಎಂಬ ದುಬಾರಿ ವಿಧಾನದಲ್ಲಿ ಮಾಡ್ತಿದ್ದರು. ಸಾದಾ ಸಿಮಾಸ್‌ನಲ್ಲೇ, ಅಂದರೆ ಪ್ರೊಸೆಸರುಗಳನ್ನು ಮಾಡುವ ಅಗ್ಗದ ವಿಧಾನದಲ್ಲೇ, ಹೆಚ್ಚು ಕೆಲಸವನ್ನು ಡಿಜಿಟಲ್ ಲೆಕ್ಕಕ್ಕೆ ದಾಟಿಸಿ ಮಾಡಬಹುದು ಅಂತ ಸೆಹತ್ ಪಟ್ಟು ಹಿಡಿದರು. ಮಾಡಿದರು. ಸೀಗೇಟ್ ಕೊಂಡಿತು. ಆಮೇಲೆ ಹಾರ್ಡ್ ಡಿಸ್ಕ್ ಮಾಡುವವರೆಲ್ಲ ಒಬ್ಬೊಬ್ಬರಾಗಿ ಬಂದರು.

ಇಲ್ಲಿ ಕುಟುಂಬದ ಪಾತ್ರವನ್ನು ಕಡಿಮೆ ಮಾಡಿ ಹೇಳುವ ಅಗತ್ಯ ಇಲ್ಲ. ದೊಡ್ಡ ಕಂಪನಿಯಲ್ಲಿ ಇಂಥ ಒಂದು ತೀರ್ಮಾನಕ್ಕೆ ಆರು ಕಮಿಟಿ, ಹದಿನೆಂಟು ಸ್ಲೈಡು, ಎರಡು ಕ್ವಾರ್ಟರ್ ಬೇಕು. ಇಲ್ಲಿ ರಾತ್ರಿ ಊಟಕ್ಕೆ ಕೂತಾಗ ಮಾತಾಗಿ, ಬೆಳಿಗ್ಗೆ ಕಾಫಿ ಹೊತ್ತಿಗೆ ಕೆಲಸ ಶುರು. ಚಿಪ್ ಒಂದು ಸಲ ಫ್ಯಾಕ್ಟರಿಗೆ ಹೋದರೆ ವಾಪಸ್ ಬರೋಕೆ ತಿಂಗಳುಗಳು ಬೇಕಾಗುವ ಈ ಧಂದೆಯಲ್ಲಿ ಆ ವೇಗಕ್ಕೆ ಬೆಲೆ ಕಟ್ಟೋಕಾಗಲ್ಲ. 2000ದ ಜೂನಿನಲ್ಲಿ, ಡಾಟ್‌ಕಾಮ್ ಗುಳ್ಳೆ ಒಡೆಯೋಕೆ ಶುರುವಾಗಿದ್ದ ಹೊತ್ತಲ್ಲೇ, ಷೇರುಪೇಟೆಗೆ ಬಂದರು. ಅದೇ ವರ್ಷ ಇಸ್ರೇಲಿನ ಗೆಲಿಲಿಯೋ ಟೆಕ್ನಾಲಜಿಯನ್ನು ಎರಡೂವರೆ ಶತಕೋಟಿ ಡಾಲರ್ ಆಸುಪಾಸಿನ ಷೇರು ಕೊಟ್ಟು ಕೊಳ್ಳುವ ಒಪ್ಪಂದ ಮಾಡಿ ನೆಟ್‌ವರ್ಕ್ ಸ್ವಿಚ್ಚುಗಳಿಗೂ ಕೈ ಹಾಕಿದರು. ಲಾಭ ನೋಡದೆ ಅಷ್ಟು ದೊಡ್ಡ ತುತ್ತು ಯಾಕೆ ಅಂತ ಬೈದವರಿದ್ದರು. ಆ ತುತ್ತು ದಕ್ಕಿತು.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ.

ನಿಮ್ಮಲ್ಲಿ ಅರ್ಧ ಜನರ ಹತ್ತಿರ ಇಸಾಪ್ ಇದೆ, ಹಾಗಾಗಿ ಉದ್ದ ಪೀಠಿಕೆ ಬೇಡ. ಕಂಪನಿ ನಿಮಗೆ ಆಪ್ಷನ್ ಕೊಟ್ಟ ದಿನ ಷೇರಿನ ಬೆಲೆ ಎಷ್ಟಿತ್ತೋ ಅದೇ ಸಾಮಾನ್ಯವಾಗಿ ನೀವು ಮುಂದೆ ಕೊಡಬೇಕಾದ ಬೆಲೆ. ಆಮೇಲೆ ಏರಿದ್ದಷ್ಟು ನಿಮ್ಮ ಲಾಭ. ಹಾಗಾಗಿ ‘ಕೊಟ್ಟ ದಿನ’ ಯಾವುದು ಅನ್ನೋದೇ ಪ್ರಾಣ. ಕೊಟ್ಟದ್ದು ಇವತ್ತು, ಆದರೆ ಹಿಂದೆ ತಿರುಗಿ ನೋಡಿ ಬೆಲೆ ಪಾತಾಳಕ್ಕಿಳಿದಿದ್ದ ಒಂದು ದಿನ ಹುಡುಕಿ ಆ ತಾರೀಕು ಹಾಕಿದರೆ? ಅಡಿಕೆ ಬೆಳೆಯುವವರಿಗೆ ಹೀಗೆ ಹೇಳಬಹುದು: ಮಂಡಿಯಲ್ಲಿ ಇಟ್ಟ ಅಡಿಕೆಯನ್ನು ಇವತ್ತು ಮಾರಿ, ರೇಟು ತುದಿಗೇರಿದ್ದ ಹೋದ ತಿಂಗಳ ಒಂದು ದಿನದ ತಾರೀಕಿನಲ್ಲಿ ಚೀಟಿ ಬರೆಸಿಕೊಂಡ ಹಾಗೆ. ವ್ಯತ್ಯಾಸದ ದುಡ್ಡು ಎಲ್ಲಿಂದಲೋ ಬರಲ್ಲ, ಮಂಡಿಯ ಉಳಿದವರ ಗಂಟಿನಿಂದ ಬರುತ್ತೆ. ಅಯೋವಾ ವಿಶ್ವವಿದ್ಯಾಲಯದ ಎರಿಕ್ ಲೀ ಎಂಬ ಪ್ರೊಫೆಸರು ಅಮೆರಿಕದ ಕಂಪನಿಗಳ ಆಪ್ಷನ್ ತಾರೀಕುಗಳು ಇಷ್ಟೊಂದು ಅದೃಷ್ಟವಂತವಾಗಿರೋಕೆ ಸಾಧ್ಯವೇ ಇಲ್ಲ ಅಂತ ಲೆಕ್ಕ ತೋರಿಸಿದ ಮೇಲೆ, 2006ರಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳ ಮೇಲೆ ತನಿಖೆ ನಡೆಯಿತು. ಆಪಲ್ ಕೂಡ ಸಿಕ್ಕಿಬಿತ್ತು. ಮಾರ್ವೆಲ್ ಆ ಸಾಲಿನಲ್ಲಿ ಒಂದು.

ಎಲ್ಲರೂ ಮಾಡಿದರು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಮಾರ್ವೆಲ್‌ನಲ್ಲಿ ಅದು ನಡೆದ ರೀತಿ ನೋಡಿ. ಆಪ್ಷನ್ ಹಂಚುವ ಕಮಿಟಿ ಅಂತ ಒಂದಿತ್ತು. ಅದರಲ್ಲಿ ಇದ್ದವರು ಎಷ್ಟು ಜನ? ಇಬ್ಬರು. ಯಾರು? ಸೆಹತ್ ಮತ್ತು ವೇಲಿ. ಗಂಡ-ಹೆಂಡತಿ. ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ ಹೊರಿಸಿದ ಆರೋಪದ ಪ್ರಕಾರ ಹಿಂದಿನ ಬೆಲೆಗಳನ್ನು ನೋಡಿ ತಾರೀಕು ಆರಿಸಲಾಗುತ್ತಿತ್ತು, ಆಮೇಲೆ ಆ ತಾರೀಕಿಗೆ ಕಮಿಟಿಯ ಸಭೆ ನಡೆದಿತ್ತು ಅಂತ ತೋರಿಸುವ ನಡಾವಳಿಗೆ ಸಹಿ ಬೀಳ್ತಿತ್ತು. ಆ ಸಭೆಗಳು ನಡೆದೇ ಇರಲಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಘದ ಸೆಕ್ರೆಟರಿ ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆ ಮನೆಗೆ ಬರೋದು, “ಗೌಡ್ರೇ, ಹೋದ ತಿಂಗಳು ಮೀಟಿಂಗ್ ಆಯ್ತಲ್ಲ, ಅದಕ್ಕೊಂದು ಸೈನ್ ಹಾಕಿ” ಅನ್ನೋದು, ಗೌಡರು ಯಾವ ಮೀಟಿಂಗು ಅಂತ ಕೇಳದೆ ಪೆನ್ನು ತಗೊಳ್ಳೋದು ನಾವು ನೋಡಿದ್ದೇವೆ. ಆದರೂ ಅಲ್ಲಿ ಒಂದು ಸೌಲಭ್ಯ ಇತ್ತು. ಸೆಕ್ರೆಟರಿ ಒಂಬತ್ತು ಮನೆ ಸುತ್ತಬೇಕಿತ್ತು. ಒಂಬತ್ತರಲ್ಲಿ ಒಬ್ಬ ತರಲೆ ಮುದುಕ ಇದ್ದೇ ಇರ್ತಿದ್ದ, “ಏನಪ್ಪಾ ಇದು, ಓದು ನೋಡೋಣ” ಅನ್ನುವವನು. ಪುಸ್ತಕ ಅಲ್ಲಿ ನಿಲ್ತಿತ್ತು. ಗಂಡ-ಹೆಂಡತಿಯ ಕಮಿಟಿಯಲ್ಲಿ ಪುಸ್ತಕ ಮನೆಯ ಹೊಸಿಲು ದಾಟುವ ಅಗತ್ಯವೇ ಇಲ್ಲ. ಅಡುಗೆಮನೆ ಮೇಜಿನ ಮೇಲೆ ರೀಡ್ ಚಾನೆಲ್ ತೀರ್ಮಾನವಾದ ಹಾಗೇ ಇದೂ ತೀರ್ಮಾನ. ಆ ವೇಗ, ಈ ವೇಗ ಎರಡೂ ಒಂದೇ ವೇಗ. ಶ್ರದ್ಧಾಂಜಲಿ ಬರೆಯುವವರು ಮೊದಲನೆಯದಕ್ಕೆ ‘ವಿಷನ್’ ಅಂತಾರೆ, ಎರಡನೆಯದನ್ನು ಬರೆಯೋದೇ ಇಲ್ಲ.

ನ್ಯಾಯವಾಗಿ ಇನ್ನೆರಡು ಮಾತು ಸೇರಿಸಬೇಕು. ಆ ಆಪ್ಷನ್‌ಗಳಲ್ಲಿ ಬಹುಪಾಲು ಹೋದದ್ದು ಕಂಪನಿಯ ನೌಕರರಿಗೆ. ಅಂದರೆ ಯಾರಿಗೂ ದೂರು ಕೊಡುವ ಮನಸ್ಸಾಗದ ತಪ್ಪು ಇದು. ಯಜಮಾನರು ಕೈ ಬಿಚ್ಚಿ ಕೊಟ್ಟರೆ ತಾರೀಕು ಯಾಕೆ ಹಳೇದು ಅಂತ ಯಾವ ಎಂಜಿನಿಯರ್ ಕೇಳ್ತಾನೆ? ಇನ್ನೊಂದು, ಶಿಕ್ಷೆ ಬಿದ್ದ ರೀತಿ. 2008ರಲ್ಲಿ ಆರೋಪ ಒಪ್ಪದೆ, ಅಲ್ಲಗಳೆಯದೆ ರಾಜಿಯಾಯಿತು. ಕಂಪನಿ ಒಂದು ಕೋಟಿ ಡಾಲರ್ ಕಟ್ಟಿತು. ವೇಲಿ 5 ಲಕ್ಷ ಡಾಲರ್ ಕಟ್ಟಿದರು, ಐದು ವರ್ಷ ಯಾವ ಪಬ್ಲಿಕ್ ಕಂಪನಿಯಲ್ಲೂ ಅಧಿಕಾರಿಯೋ ನಿರ್ದೇಶಕಿಯೋ ಆಗಬಾರದು ಅಂತ ನಿಷೇಧ ಬಿತ್ತು. ಕಮಿಟಿಯ ಇನ್ನೊಬ್ಬ ಸದಸ್ಯರ ಮೇಲೆ ಎಸ್‌ಇಸಿ ಕೇಸು ಹಾಕಲಿಲ್ಲ, ಅವರು ಸಿಇಒ ಆಗಿ ಮುಂದುವರಿದರು. ದೊಡ್ಡ ಚಿಪ್ ಕಂಪನಿಯ ಸ್ಥಾಪಕಿ ಹೆಣ್ಣುಮಗಳು ಈಕೆಯೊಬ್ಬಳೇ ಅಂತ ಪತ್ರಿಕೆಗಳು ಸಾಲು ಸಾಲು ಬರೆದವು. ಹೊಗಳುವಾಗ ‘ಒಬ್ಬಳೇ’. ಸಹಿಯ ಲೆಕ್ಕ ಕೇಳುವಾಗಲೂ ಒಬ್ಬಳೇ. ಕಾನೂನಿನಲ್ಲಿ ಅದಕ್ಕೆ ಕಾರಣ ಇದ್ದೀತು, ಸಹಿ ಯಾರದ್ದೋ ಜವಾಬ್ದಾರಿ ಅವರದ್ದು. ಆದರೆ ನಿಷೇಧದ ಅಷ್ಟೂ ವರ್ಷ ಆಕೆ ಬೇರೆ ಪದನಾಮದಲ್ಲಿ ಕಂಪನಿಯಲ್ಲೇ ಇದ್ದರು, ಅವಧಿ ಮುಗಿದ ಮೇಲೆ ಪ್ರೆಸಿಡೆಂಟ್ ಆದರು. ವಿಸಿಟಿಂಗ್ ಕಾರ್ಡಿನಲ್ಲಿ ಏನು ಬರೆದಿದ್ದರೂ ಮನೆಯ ಯಜಮಾನಿ ಯಾರು ಅಂತ ಒಳಗಿದ್ದವರಿಗೆ ಗೊತ್ತಿರಲ್ವಾ?

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಭಾಗ.

ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೋಸೆ ಮೌರಾ ಎಂಬ ಪ್ರೊಫೆಸರು, ಅಲೆಕ್ಸಾಂಡರ್ ಕಾವ್‌ಚಿಚ್ ಎಂಬ ಅವರ ಶಿಷ್ಯ. ಡಿಸ್ಕಿನಿಂದ ಓದುವಾಗ ಬರುವ ಗದ್ದಲದ ಬಗ್ಗೆ ಇವರು 90ರ ದಶಕದ ಕೊನೆಯಲ್ಲಿ ಕೆಲಸ ಮಾಡಿದರು. ಮಾಮೂಲಿ ಲೆಕ್ಕಗಳು ಗದ್ದಲವನ್ನು ಹೆಂಚಿನ ಮೇಲೆ ಬೀಳುವ ಮಳೆಯ ಹಾಗೆ ಭಾವಿಸ್ತವೆ. ನೀವು ಏನೇ ಮಾತಾಡಿ, ಮಳೆ ತನ್ನ ಪಾಡಿಗೆ ತಾನು ಒಂದೇ ಸಮ. ಆದರೆ ಗುರುತುಗಳನ್ನು ಒತ್ತೊತ್ತಾಗಿ ಬರೆದಷ್ಟೂ ಗದ್ದಲದ ಸ್ವಭಾವ ಬದಲಾಗುತ್ತೆ. ಅಲ್ಲಿ ಬರೆದಿರುವ ಒಂದು-ಸೊನ್ನೆಗಳನ್ನೇ ಅವಲಂಬಿಸಿ ಗದ್ದಲ ಹುಟ್ಟುತ್ತೆ. ನೀವು ಹರಿಕಥೆ ಕೇಳ್ತಿರುವಾಗ ಪಕ್ಕದಲ್ಲಿ ಕೂತವನು ದಾಸರು ಹೇಳುವ ಮಾತಿಗೆ ತಕ್ಕ ಹಾಗೆ ಬೇರೆ ಬೇರೆ ಥರ ಕೆಮ್ಮಿದಂತೆ. ತಮಾಷೆ ಏನೆಂದರೆ, ಯಾವ ಮಾತಿಗೆ ಯಾವ ಕೆಮ್ಮು ಅಂತ ಮೊದಲೇ ಗೊತ್ತಿದ್ದರೆ ಕೆಮ್ಮು ಕೇಳಿಯೇ ಮಾತನ್ನು ಊಹಿಸಬಹುದು. ವಿಟರ್ಬಿ ಜಾಲರಿಯ ಪ್ರತಿ ಕವಲಿಗೂ ಅದರದ್ದೇ ಗದ್ದಲದ ಲೆಕ್ಕ ಕೂಡಿಸುವುದು ಹೇಗೆ ಅಂತ ಇವರು ತೋರಿಸಿದರು, ಪೇಟೆಂಟ್ ಪಡೆದರು. ತುಂಬ ಚಂದದ ಐಡಿಯಾ ಅದು. ಓದಿದಾಗ ‘ಛೆ, ಇಷ್ಟು ಸುಲಭ’ ಅನ್ನಿಸುವಂಥದ್ದು.

ಮಾರ್ವೆಲ್‌ನ ಎಂಜಿನಿಯರುಗಳು ಆ ಪ್ರಬಂಧ ಓದಿದರು. ಓದೋದು ಅವರ ಕೆಲಸ. ಸಿಮ್ಯುಲೇಟರ್ ಬರೆದರು. ಅದಕ್ಕೆ ಇಟ್ಟ ಹೆಸರು ‘ಕಾವ್‌ಚಿಚ್‌ಪಿಪಿ’. ಮುಚ್ಚುಮರೆ ಇಲ್ಲ, ಯಾರ ಐಡಿಯಾವೋ ಅವರ ಹೆಸರು. ಇಷ್ಟೇ ಅಲ್ಲ, ಈ ವಿಧಾನದ ಮೇಲೆ ಪೇಟೆಂಟ್ ಇದೆ, ಏನು ಹಕ್ಕು ಕೇಳಿದ್ದಾರೆ ಅಂತ ನೋಡುವುದು ಒಳ್ಳೆಯದು ಎಂಬರ್ಥದ ಮಾತು ಎಂಜಿನಿಯರರಿಂದ ಮೇಲಿನವರಿಗೆ ಮೇಲ್‌ನಲ್ಲಿ ಹೋಯಿತು. ಇದೆಲ್ಲ 2001-02ರ ಸುಮಾರಿನ ಮಾತು. ಆಮೇಲೆ ಚಿಪ್ಪುಗಳು ಬಂದವು, ಕೋಟಿಗಟ್ಟಲೆ ಮಾರಾಟವಾದವು, ಲೈಸೆನ್ಸ್ ಮಾತ್ರ ಬರಲಿಲ್ಲ. 2009ರಲ್ಲಿ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯಿತು. ಆ ಹಳೆಯ ಮೇಲ್, ಆ ಸಿಮ್ಯುಲೇಟರಿನ ಹೆಸರು ಎಲ್ಲ ಸಾಕ್ಷಿಯಾಗಿ ಜ್ಯೂರಿ ಮುಂದೆ ಬಂದು ಕೂತವು.

ನಾವು ಕೋಡು ಬರೆಯುವವರು ವೇರಿಯಬಲ್ಲಿಗೆ ಹೆಸರಿಡುವಾಗ ಅದನ್ನು ಮುಂದೊಂದು ದಿನ ಜ್ಯೂರಿ ಓದ್ತಾರೆ ಅಂತ ಯೋಚಿಸಲ್ಲ. ಈ ಕೇಸಿನ ನಂತರ ಅನೇಕ ಕಡೆ ಕೇಳಿದ ‘ಪಾಠ’ ಏನು ಗೊತ್ತಾ? ಹೆಸರಿಡುವಾಗ ಹುಷಾರು, ಮೇಲ್‌ನಲ್ಲಿ ಪೇಟೆಂಟ್ ಮಾತು ಎತ್ತಬೇಡಿ, ಬೇರೆಯವರ ಪೇಟೆಂಟ್ ಓದಲೇಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಹೊಸಬರ ಟ್ರೈನಿಂಗಿನಲ್ಲಿ ಇದನ್ನೇ ಗಂಭೀರವಾಗಿ ಹೇಳಿಕೊಡ್ತಿದ್ದರು. ನನಗೆ ಇದು ತಲೆಕೆಳಗಾದ ಪಾಠ ಅನ್ನಿಸುತ್ತೆ. ಹೆಸರಿಟ್ಟ ಎಂಜಿನಿಯರ್ ಪ್ರಾಮಾಣಿಕ. ಮೇಲ್ ಬರೆದವರು ತಮ್ಮ ಕೆಲಸ ಮಾಡಿದರು. ನಡಾವಳಿ ಪುಸ್ತಕದ ತರಲೆ ಮುದುಕ ಇಲ್ಲಿ ಇದ್ದ ನೋಡಿ, “ಏನಪ್ಪಾ ಇದು, ಓದು ನೋಡೋಣ” ಅಂದಿದ್ದ. ಆ ಮಾತು ಮೇಲೆ ಹೋಗಿ ಯಾವ ಬಾಗಿಲ ಮುಂದೆ ಸತ್ತಿತು ಅನ್ನೋದನ್ನು ಬಿಟ್ಟು, ಮಾತೇ ಆಡಬಾರದಿತ್ತು ಅಂತ ಹೇಳಿಕೊಡೋದು ಯಾವ ನ್ಯಾಯ?

ಮಾರ್ವೆಲ್‌ನ ವಾದವೂ ಇತ್ತು. ಸಿಮ್ಯುಲೇಟರ್ ಬರೀ ಹೋಲಿಸಿ ನೋಡೋಕೆ, ನಮ್ಮ ಚಿಪ್ ಒಳಗಿರೋದು ನಾವೇ ಮಾಡಿದ ಬೇರೆ ಸರಳ ವಿಧಾನ, ಅದಕ್ಕೆ ನಮ್ಮದೇ ಪೇಟೆಂಟ್ ಇದೆ ಅಂದರು. ಜ್ಯೂರಿ ನಂಬಲಿಲ್ಲ. 2012ರ ಡಿಸೆಂಬರ್ 26ರಂದು ತೀರ್ಪು: 234 ಕೋಟಿ ಚಿಪ್, ಒಂದಕ್ಕೆ 50 ಸೆಂಟ್, ಒಟ್ಟು 117 ಕೋಟಿ ಡಾಲರ್. ಉದ್ದೇಶಪೂರ್ವಕ ಅಂತಲೂ ಹೇಳಿದರು. ಜಡ್ಜ್ ದಂಡ, ನಂತರದ ಮಾರಾಟ ಸೇರಿಸಿ 154 ಕೋಟಿ ಡಾಲರ್ ಹತ್ತಿರ ಮಾಡಿದರು. ಒಂದು ಕಂಪನಿಯ ಉಸಿರು ನಿಲ್ಲಿಸುವ ಮೊತ್ತ. 2015ರ ಆಗಸ್ಟಿನಲ್ಲಿ ಮೇಲಿನ ಕೋರ್ಟು ಅದನ್ನು ಬಿಡಿಸಿ ನೋಡಿತು. ಬೇಕಂತಲೇ ಮಾಡಿದರು ಅಂತ ಹಾಕಿದ್ದ ಹೆಚ್ಚುವರಿ ದಂಡ ರದ್ದು. ಅಮೆರಿಕಕ್ಕೆ ಆಮದಾದ ಚಿಪ್‌ಗಳ ಲೆಕ್ಕಕ್ಕೆ 27.8 ಕೋಟಿ ಡಾಲರ್ ಖಾಯಂ. ಹೊರದೇಶದಲ್ಲೇ ತಯಾರಾಗಿ ಹೊರದೇಶಕ್ಕೇ ಹೋದವು ಅಮೆರಿಕದಲ್ಲಿ ‘ಮಾರಾಟ’ವಾದವೇ ಇಲ್ಲವೇ ಅಂತ ಮತ್ತೆ ವಿಚಾರಣೆ ಆಗಲಿ ಅಂತ ಹೇಳಿತು. ಚಿಪ್ ಧಂದೆಯವರಿಗೆ ಇದು ತುಂಬ ಮುಖ್ಯವಾದ ಪ್ರಶ್ನೆ. ಡಿಸೈನ್ ಕ್ಯಾಲಿಫೋರ್ನಿಯಾ, ತಯಾರಿ ತೈವಾನ್, ಜೋಡಣೆ ಇನ್ನೊಂದು ದೇಶ, ಕಂಪನಿಯ ನೋಂದಣಿ ಬರ್ಮುಡಾ. ಮಾರಾಟ ಆದದ್ದು ಎಲ್ಲಿ? ಉತ್ತರ ಸಿಗುವ ಮೊದಲೇ, 2016ರ ಫೆಬ್ರವರಿಯಲ್ಲಿ, 75 ಕೋಟಿ ಡಾಲರಿಗೆ ರಾಜಿಯಾಯಿತು. ಒಂದು ಮೇಲ್‌ಗೆ ಸಕಾಲದಲ್ಲಿ ಉತ್ತರ ಬರೆದು ಲೈಸೆನ್ಸ್ ಮಾತಾಡಿದ್ದರೆ ಎಷ್ಟಾಗ್ತಿತ್ತು ಅಂತ ನೀವೇ ಊಹಿಸಿ.

ಈ ನಡುವೆ ಧಂದೆಯೂ ಕೈ ಕೊಡ್ತಿತ್ತು. 2006ರಲ್ಲಿ ಇಂಟೆಲ್‌ನ ಎಕ್ಸ್‌ಸ್ಕೇಲ್ ವಿಭಾಗವನ್ನು 60 ಕೋಟಿ ಡಾಲರ್ ಕೊಟ್ಟು ಕೊಂಡು ಮೊಬೈಲ್ ಪ್ರೊಸೆಸರಿಗೆ ಇಳಿದಿದ್ದರು. ಬ್ಲ್ಯಾಕ್‌ಬೆರಿ ಇದ್ದಷ್ಟು ದಿನ ಚೆನ್ನಾಗಿತ್ತು. ಆಮೇಲಿನದು ನಿಮಗೇ ಗೊತ್ತು. ವರ್ಷಗಟ್ಟಲೆ ಹಣ ಸುರಿದು 2015ರ ಸೆಪ್ಟೆಂಬರಿನಲ್ಲಿ ಆ ವಿಭಾಗಕ್ಕೆ ಕತ್ತರಿ ಹಾಕಿದರು. 1,200 ಜನರ ಕೆಲಸ ಹೋಯಿತು, ಕಂಪನಿಯ ಶೇಕಡ 17ರಷ್ಟು. ನಿಲ್ಲಿಸೋಣ ಅಂತ ಮೂರು ವರ್ಷ ಮೊದಲೇ ಹೇಳುವ ಧೈರ್ಯ ಯಾರಿಗಾದರೂ ಇದ್ದಿದ್ದರೆ ಅನ್ನಿಸುತ್ತೆ. ಸಂಸ್ಥಾಪಕರೇ ಸಿಇಒ, ಅವರ ಮನೆಯವರೇ ಪ್ರೆಸಿಡೆಂಟ್, ಅವರ ಸಹೋದರರೇ ವರ್ಷಗಳ ಕಾಲ ತಂತ್ರಜ್ಞಾನದ ಮುಖ್ಯಸ್ಥರು. ಹೇಳುವವನು ಯಾರ ಹತ್ತಿರ ಹೇಳಬೇಕು?

ಅದೇ ತಿಂಗಳು ಇನ್ನೊಂದು ತನಿಖೆ ಶುರುವಾದದ್ದು ಹೊರಬಿತ್ತು. ಕ್ವಾರ್ಟರ್ ಕೊನೆಗೆ ಟಾರ್ಗೆಟ್ ಮುಟ್ಟಲ್ಲ ಅನ್ನಿಸಿದಾಗ, ಮುಂದಿನ ಕ್ವಾರ್ಟರಿನಲ್ಲಿ ಹೋಗಬೇಕಿದ್ದ ಮಾಲನ್ನು ಈಗಲೇ ತಗೊಳ್ಳಿ ಅಂತ ಗಿರಾಕಿಯ ಕೈಕಾಲು ಹಿಡಿದು ಕಳಿಸೋದು. ಇದಕ್ಕೆ ‘ಪುಲ್-ಇನ್’ ಅಂತಾರೆ. ಸ್ಪ್ರಿಂಟ್ ಮುಗಿಯುವ ಸಂಜೆ ಅರೆಬೆಂದ ಟಿಕೆಟ್ಟುಗಳೆಲ್ಲ ‘ಡನ್’ ಕಾಲಮ್ಮಿಗೆ ಜಿಗಿಯೋದನ್ನು ನೀವು ನೋಡಿದ್ದೀರಿ, ಅದರ ದೊಡ್ಡಪ್ಪ ಇದು. ಈ ತಿಂಗಳ ಹಾಲಿಗೆ ಮುಂದಿನ ತಿಂಗಳ ಹಾಲು ಬೆರೆಸಿ ಅಳೆದ ಹಾಗೆ. ಮುಂದಿನ ತಿಂಗಳು ಇನ್ನೂ ದೊಡ್ಡ ಹಳ್ಳ. ಆಡಿಟರ್ ಪಿಡಬ್ಲ್ಯೂಸಿ ರಾಜೀನಾಮೆ ಕೊಟ್ಟು ಹೋಯಿತು. 2016ರ ಮಾರ್ಚಿನಲ್ಲಿ ಆಡಿಟ್ ಕಮಿಟಿಯ ತೀರ್ಮಾನ ಬಂತು: ವಂಚನೆ ಇಲ್ಲ, ಆದರೆ ಮಾರಾಟದ ಟಾರ್ಗೆಟ್ ಮುಟ್ಟಬೇಕು ಅಂತ ಮೇಲಿನಿಂದ ವಿಪರೀತ ಒತ್ತಡ ಇತ್ತು. ಹೀಗೆ ಹಿಂದಕ್ಕೆಳೆದು ತುಂಬಿಸಿದ್ದನ್ನು ಹೂಡಿಕೆದಾರರಿಗೆ ಹೇಳಲಿಲ್ಲ ಅಂತ 2019ರಲ್ಲಿ ಕಂಪನಿ ಎಸ್‌ಇಸಿಗೆ 55 ಲಕ್ಷ ಡಾಲರ್ ದಂಡ ಕಟ್ಟಿತು. ಕಟ್ಟಿದ್ದು ಹೊಸಬರು, ಮಾಡಿದ್ದು ಹಳಬರು.

ಸ್ಟಾರ್‌ಬೋರ್ಡ್ ವ್ಯಾಲ್ಯೂ ಎಂಬ ಹೂಡಿಕೆ ಸಂಸ್ಥೆ ಫೆಬ್ರವರಿಯಲ್ಲಿ ಶೇಕಡ 6.7 ಷೇರು ಹಿಡಿದುಕೊಂಡು ಬಾಗಿಲು ತಟ್ಟಿತು. ಏಪ್ರಿಲ್ ಮೊದಲ ವಾರದಲ್ಲಿ ಸೆಹತ್ ಸಿಇಒ ಅಲ್ಲ, ವೇಲಿ ಪ್ರೆಸಿಡೆಂಟ್ ಅಲ್ಲ. ಇಪ್ಪತ್ತೊಂದು ವರ್ಷ ಎರಡು ತಿಂಗಳಲ್ಲಿ ಮುಗಿಯಿತು. ಒಳಗೆ ಯಾರೂ ‘ಬೇಡ’ ಅನ್ನದ ಮನೆಗೆ ಕೊನೆಗೆ ‘ಬೇಡ’ ಅನ್ನೋಕೆ ಬಂದವರು ಹೊರಗಿನ ಸಾಲಗಾರರಂಥ ಜನ. ಅವರಿಗೆ ಕಾವ್‌ಚಿಚ್ ಲೆಕ್ಕವೂ ಗೊತ್ತಿಲ್ಲ, ಎಂಜಿನಿಯರ್ ಬರೆದ ಮೇಲೂ ಬೇಕಿಲ್ಲ.

ಈಗ ಷೇರುಪೇಟೆಯ ಕಥೆಯನ್ನು ಸ್ವಲ್ಪ ಉಜ್ಜಿ ನೋಡೋಣ. ಜುಲೈನಲ್ಲಿ ಮ್ಯಾಕ್ಸಿಮ್ ಕಂಪನಿಯಿಂದ ಮ್ಯಾಟ್ ಮರ್ಫಿ ಬಂದರು. ನವೆಂಬರಿನಲ್ಲಿ 900 ಜನರಿಗೆ ಬಾಗಿಲು ತೋರಿಸುವ ಘೋಷಣೆ ಆಯಿತು. ಆಮೇಲೆ ಕೊಳ್ಳುವ ಮಾರುವ ಭರಾಟೆ. ಕೇವಿಯಮ್ 600 ಕೋಟಿ ಡಾಲರಿಗೆ, ಇನ್‌ಫೈ 1,000 ಕೋಟಿ ಡಾಲರಿಗೆ ಒಳಗೆ ಬಂದವು. ಮೊದಲ ಐಫೋನಿನಲ್ಲಿ ಕೂತಿದ್ದ ವೈಫೈ ವಿಭಾಗ ಎನ್‌ಎಕ್ಸ್‌ಪಿಗೆ ಹೋಯಿತು. 2016ರಲ್ಲಿ 10 ಡಾಲರ್ ಆಸುಪಾಸಿನಲ್ಲಿದ್ದ ಷೇರು 2024ರ ಕೊನೆಗೆ 100 ದಾಟಿತು. ದೊಡ್ಡ ಸಾಧನೆಯೇ. ಆದರೆ ‘ಕುಟುಂಬ ಹೋಯ್ತು, ಕಂಪನಿ ಎದ್ದಿತು’ ಅನ್ನುವಾಗ ಎದ್ದದ್ದು ಯಾವ ಕಂಪನಿ ಅಂತ ಕೇಳಬೇಕು. ಇವತ್ತು ಎಐ ಹೆಸರಲ್ಲಿ ಮಾರ್ವೆಲ್‌ಗೆ ಬೆಲೆ ತಂದಿರುವ ಡೇಟಾ ಸೆಂಟರಿನ ಬೆಳಕಿನ ಕೊಂಡಿಗಳು ಇನ್‌ಫೈಯಿಂದ ಬಂದದ್ದು. ಗಿರಾಕಿ ಹೇಳಿದಂತೆ ಚಿಪ್ ಮಾಡಿಕೊಡುವ ಟೀಮಿನ ದೊಡ್ಡ ಭಾಗ 2019ರಲ್ಲಿ ಕೊಂಡ ಅವೆರಾದ್ದು, ಅದರ ಬೇರು ಐಬಿಎಂನಲ್ಲಿ. ಬೋರ್ಡು ಹಳೇದು, ಅಂಗಡಿ ಹೊಸದು. ಈ ಖರೀದಿಗಳಿಗೆಲ್ಲ ಮೊದಲ ಬಂಡವಾಳವಾಗಿ ನಿಂತದ್ದು ಹಾರ್ಡ್ ಡಿಸ್ಕ್ ಮತ್ತು ಸ್ವಿಚ್ಚುಗಳ ಧಂದೆ. ಅದನ್ನು ಕಟ್ಟಿದವರು ಅಡುಗೆಮನೆ ಮೇಜಿನವರೇ. ಮರ್ಫಿಯವರ ಸ್ಲೈಡುಗಳಲ್ಲಿ ಇದಕ್ಕೆ ಜಾಗ ಇಲ್ಲದಿದ್ದರೆ ಆಶ್ಚರ್ಯವಿಲ್ಲ, ವಿಶ್ಲೇಷಕರ ಬರಹಗಳಲ್ಲೂ ಇಲ್ಲದಿರೋದು ಸರಿಯಲ್ಲ.

ಸೆಹತ್ ಬಗ್ಗೆ ಇನ್ನೊಂದು ಸಂಗತಿ ಇದೆ. 2015ರ ಆರಂಭದಲ್ಲಿ, ಕೋರ್ಟು ಒಂದು ಕಡೆ ನಷ್ಟ ಒಂದು ಕಡೆ ಇದ್ದಾಗ, ಸ್ಯಾನ್ ಫ್ರಾನ್ಸಿಸ್ಕೋದ ಐಎಸ್‌ಎಸ್‌ಸಿಸಿ ಸಮ್ಮೇಳನದಲ್ಲಿ ನಿಂತು ಒಂದು ಐಡಿಯಾ ಮಂಡಿಸಿದರು. ಎಲ್ಲವನ್ನೂ ಒಂದೇ ದೊಡ್ಡ ಚಿಪ್ಪಿನಲ್ಲಿ ತುರುಕುವುದು ಇನ್ನು ದುಬಾರಿಯಾಗ್ತಾ ಹೋಗುತ್ತೆ, ಬಿಡಿ ಬಿಡಿ ಚಿಪ್ ಮಾಡಿ ಲೆಗೋ ಇಟ್ಟಿಗೆಯಂತೆ ಜೋಡಿಸೋಣ ಅಂತ. ‘ಮೋಚಿ’ ಅಂತ ಹೆಸರಿಟ್ಟಿದ್ದರು, ಮಾಡ್ಯುಲರ್ ಚಿಪ್ ಅನ್ನೋದರ ಚುಟುಕು. ಇವತ್ತು ಚಿಪ್‌ಲೆಟ್ ಅಂತ ಎಎಂಡಿ, ಇಂಟೆಲ್ ಎಲ್ಲರೂ ಅದೇ ದಾರಿಯಲ್ಲಿದ್ದಾರೆ. ಈ ಐಡಿಯಾ ಹೊಳೆದವರು ಅವರೊಬ್ಬರೇ ಅಲ್ಲ, ಆದರೆ ಬಹಳ ಜನರಿಗಿಂತ ಮೊದಲು ಗಟ್ಟಿಯಾಗಿ ಹೇಳಿದವರು. ಚಿಪ್ಪಿನ ಭವಿಷ್ಯ ಅಷ್ಟು ದೂರದಿಂದ ಕಂಡ ಕಣ್ಣಿಗೆ ಪಕ್ಕದ ಕೋಣೆಯ ಲೆಕ್ಕದ ಪುಸ್ತಕ ಕಾಣಲಿಲ್ಲ ಅಂತ ನಂಬೋದು ಕಷ್ಟ. ಕಂಡಿತ್ತು ಅಂತ ನಂಬೋದು ಇನ್ನೂ ಕಷ್ಟ.

ಮಾರ್ವೆಲ್ ಬಿಟ್ಟ ಮೇಲೆ ಸುಮ್ಮನೆ ಕೂರಲಿಲ್ಲ. 2021ರಲ್ಲಿ ಬಿ.ಜೆ. ಹಾನ್ ಎಂಬ ಮೂರನೆಯವರೊಂದಿಗೆ ಸೇರಿ ಗಂಡ-ಹೆಂಡತಿ ಸಿಂಗಾಪುರದಲ್ಲಿ ಸಿಲಿಕಾನ್ ಬಾಕ್ಸ್ ಶುರು ಮಾಡಿದರು, ಅದೇ ಬಿಡಿ ಚಿಪ್ಪುಗಳನ್ನು ಒಟ್ಟಿಗೆ ಜೋಡಿಸಿಕೊಡುವ ಕಂಪನಿ. 2023ರಲ್ಲಿ ಟಾಂಪಿನೀಸ್‌ನಲ್ಲಿ ಫ್ಯಾಕ್ಟರಿ ತೆರೆಯಿತು, ಮರುವರ್ಷ ಇಟಲಿಯಲ್ಲಿ ಇನ್ನೊಂದು ಕಟ್ಟುವ ಯೋಜನೆ ಪ್ರಕಟವಾಯಿತು. ಆ ಸೆಪ್ಟೆಂಬರಿನಲ್ಲಿ ಸೆಹತ್ ಹೋದರು. ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 2009ರಲ್ಲಿ ಉದ್ಘಾಟನೆಯಾದ ಒಂದು ಕಟ್ಟಡ ಇದೆ, ಸುತರ್ಜಾ ಡಾಯ್ ಹಾಲ್ ಅಂತ, ಇಬ್ಬರ ಹೆಸರೂ ಒಟ್ಟಿಗೆ. ಎಸ್‌ಇಸಿ ರಾಜಿಯ ಮರುವರ್ಷ. ಅದರೊಳಗಿನ ಸಭಾಂಗಣಕ್ಕೆ ಬನಟಾವೋ ಅವರ ಹೆಸರು, ಮೊದಲು ಹಣ ಹಾಕಿದ ಅದೇ ಛೇರ್ಮನ್. ಕಾವ್‌ಚಿಚ್ ಹೆಸರು ಉಳಿದಿರೋದು ಪಿಟ್ಸ್‌ಬರ್ಗಿನ ಕೋರ್ಟಿನ ಕಡತದಲ್ಲಿ, ಒಂದು ಫೈಲಿನ ಹೆಸರಾಗಿ.